ಎತ್ತಿದ ಕೈ

ಇಪ್ಪತ್ತೆರಡು ವರ್ಷ ಜೂಡೋ.
ನನಗೆ ಗೊತ್ತಿದ್ದದ್ದು ಇಷ್ಟೆ:
ಎದುರಿನವರ ಕೊರಳಪಟ್ಟಿಗೆ ಕೈ ಹಾಕು,
ತೋಳು ಹಿಡಿ, ಹತ್ತಿರ ಎಳೆ,
ಅವರ ಭಾರ ಅವರಿಗೇ ಸಾಲವಾಗುವ ಗಳಿಗೆ ಕಾದು
ಸೊಂಟ ತಿರುವು.
ಪಟ್ಟು ಹಿಡಿದರೆ ಬಿಡದವಳು ಎಂದು
ರಾಟರ್‌ಡ್ಯಾಮಿನ ಟ್ರ್ಯಾಮ್ ಡಿಪೋದಲ್ಲೂ ಹೆಸರಿತ್ತು,
ರಜೆಯ ಅರ್ಜಿ ಬರೆಯುವಾಗ ವಿಶೇಷವಾಗಿ.

ಒಂದು ನವೆಂಬರ್,
ಮಾಸ್ ನದಿಯ ದಕ್ಷಿಣ ದಂಡೆ,
ಹಳೆ ಕಾಫಿ ಗೋದಾಮಿನ ಎರಡನೇ ಮಹಡಿ:
ಮಿಮೂನನ ಕಿಕ್‌ಬಾಕ್ಸಿಂಗ್ ಗರಡಿ.
ಮೆಟ್ಟಿಲಲ್ಲೇ ಮೂಗಿಗೆ ಬಡಿದವು
ಬೆವರು, ನೋವಿನೆಣ್ಣೆ, ಒದ್ದೆ ತೊಗಲು,
ಎಲ್ಲಕ್ಕೂ ಕೆಳಗೆ, ಖಾಲಿ ಮಾಡಲೊಲ್ಲದ ಬಾಡಿಗೆದಾರನಂತೆ,
ಹುರಿದ ಬೀಜದ ಘಮ.

ಎದುರಿಗೆ ಜುರೈನಿ, ಹತ್ತೊಂಬತ್ತು ವರ್ಷ,
ಕುರಸೌ ದ್ವೀಪದ ತಾಯಿಯ ಮಗಳು,
ಬನಿಯನ್ನು ತೊಟ್ಟ ಗಾಳಿ.
ಹಿಡಿಯಲು ಪಟ್ಟಿಯಿಲ್ಲ, ತೋಳಿಲ್ಲ, ಅಂಚಿಲ್ಲ.
ನನ್ನ ಬೆರಳುಗಳೋ
ಹದಿನಾರು ಔನ್ಸಿನ ಗ್ಲೌಸಿನೊಳಗೆ
ತಮ್ಮತಮ್ಮಲ್ಲೇ ಪಿಸುಗುಟ್ಟುವ ಹತ್ತು ಕೈದಿಗಳು.

ಹತ್ತಿರ ಹೋದೆ, ಅಭ್ಯಾಸಬಲ.
ಫಟ್ ಎಂದಿತು ತೊಡೆಯ ಹೊರಮಗ್ಗುಲು.
ಮತ್ತೆ ಹೋದೆ. ಫಟ್.
ಮಿಮೂನ್ ಗಡಿಯಾರದಿಂದ ಮುಖ ತಿರುಗಿಸದೆ ಕೇಳಿದ:
"ಕಾಲು ಕಾಣಲಿಲ್ಲವೋ, ಕಣ್ಣು ಮುಚ್ಚಿದೆಯೋ?"

ಮುಚ್ಚಿದ್ದೆ.
ಹೊಡೆತವೇ ಇಲ್ಲದ ಆಟದಲ್ಲಿ
ಕಣ್ಣಿಗೆ ಆ ಪಾಠವೇ ಆಗಿರಲಿಲ್ಲ.
"ಕೈ ಎತ್ತು," ಎಂದ.
"ಇನ್ನೂ ಮೇಲೆ. ಗಲ್ಲಕ್ಕೆ ತಾಗಲಿ."
ಇಪ್ಪತ್ತೆರಡು ವರ್ಷದ ಎತ್ತಿದ ಕೈ ನಾನು,
ಕೈ ಎತ್ತುವುದು ಹೇಗೆಂದು
ಮೂರು ನಿಮಿಷದ ಸುತ್ತಿನಲ್ಲಿ ಮೊದಲಿಂದ ಕಲಿತೆ.

ಹಳಿಯ ಪಕ್ಕದ ಸೈಕಲ್ಲಿನವನು
ದಾಟುತ್ತಾನೋ ನಿಲ್ಲುತ್ತಾನೋ
ಹೆಗಲು ನೋಡಿ ಹೇಳಬಲ್ಲೆ, ಅದು ನನ್ನ ಅನ್ನ.
ಅದೇ ಕಣ್ಣನ್ನು ಈ ಮಹಡಿಗೆ ಹೊತ್ತು ತರಲು
ಆರು ತಿಂಗಳು ಹಿಡಿಯಿತು.
ಜುರೈನಿಯ ಎಡ ಹೆಗಲು ಒಂದು ಎಳ್ಳಿನಷ್ಟು ಇಳಿಯಿತು,
ಕಂಡಿತು,
ಅರ್ಧ ಹೆಜ್ಜೆ ಸರಿದೆ.
ಅವಳ ಒದೆ
ನಾನಿದ್ದ ಜಾಗಕ್ಕೆ ಬಂದು, ನನ್ನನ್ನು ಕಾಣದೆ, ಹಿಂದಿರುಗಿತು.

ಆ ಗುರುವಾರ ಜೂಡೋ ಚಾಪೆಯ ಮೇಲೆ
ಮುದುಕ ವೈಬ್ರೆನ್ ನನ್ನ ಪಾದ ನೋಡುತ್ತಾ ನಿಂತರು.
"ಕಾಲು ಹಗುರಾಗಿದೆ. ಎಲ್ಲಿ ಊಟ ಮಾಡ್ತಿದ್ದೀ ಈಗ?"
ಕದ್ದು ತಿಂದವಳಂತೆ ನಕ್ಕೆ.
ಉಸಿರು ಮುಂಚೆ ನಾಲ್ಕನೇ ನಿಮಿಷಕ್ಕೆ ಕೈಕೊಡುತ್ತಿತ್ತು,
ಈಗ ಉಳಿಯುತ್ತದೆ.
ಅದನ್ನು ಅವರಿಗೆ ಹೇಳಲಿಲ್ಲ, ಬೇಜಾರಾದೀತೆಂದು.

ಮಿಮೂನನಿಗೆ ಐವತ್ತೆಂಟು.
ರಿಫ್ ಬೆಟ್ಟದಿಂದ ಅಪ್ಪ ಹಡಗುಕಟ್ಟೆಗೆ ಬಂದಾಗ ಕೈಗೂಸು.
ಜೀವಮಾನದಲ್ಲಿ ಬೀಳಲು ಕಲಿತವನಲ್ಲ.
"ಬೀಳೋದಕ್ಕೂ ತರಬೇತಿಯೆ? ಕೆಡವಿದರೆ ತಾನಾಗಿ ಬರುತ್ತೆ."
ಚಾಪೆ ಹಾಸಿದೆ, ನಾಲ್ಕು.
ಗದ್ದ ಒಳಗೆ. ಬೆನ್ನು ದುಂಡಗೆ. ತೋಳಿನಿಂದ ನೆಲಕ್ಕೆ ಬಡಿ,
ನೋವನ್ನು ನೆಲಕ್ಕೇ ಒಪ್ಪಿಸು.
ಮೊದಲ ಸಲ
ಬಟ್ಟೆ ತುಂಬಿದ ಬೀರು ಉರುಳಿದ ಹಾಗೆ ಬಿದ್ದ.
ಜುರೈನಿ ಗೋಡೆಗೆ ತಿರುಗಿ ನಕ್ಕಳು.
ಎದ್ದವನೇ ಮೀಸೆ ಒರೆಸಿಕೊಂಡ.
ಮಣ್ಣೇನೂ ಆಗಿರಲಿಲ್ಲ.
ಮತ್ತೆ ಬಿದ್ದ. ಚಳಿಗಾಲವಿಡೀ, ಬುಧವಾರಕ್ಕೆ ಇಪ್ಪತ್ತು ಸಲ.

ಫೆಬ್ರವರಿಯ ಒಂದು ಬೆಳಗು, ಫೋನು.
ಸೇತುವೆಯ ಮೇಲೆ ಹಿಮ ಕಟ್ಟಿತ್ತಂತೆ,
ಸೈಕಲ್ ಒಂದು ಕಡೆ, ಅವನೊಂದು ಕಡೆ.
"ಕೈ ಇದೆಯಲ್ಲ, ನನ್ನ ಕೇಳಲೇ ಇಲ್ಲ,
ತಾನೇ ಹೋಗಿ ನೆಲಕ್ಕೆ ಬಡೀತು."
"ತಲೆ?"
"ತಲೆಯೇ ಮಾತಾಡ್ತಿರೋದು."
ಸ್ವಲ್ಪ ಸುಮ್ಮನಿದ್ದು,
"ಹನ್ನೆರಡು ಮೊಟ್ಟೆಯಲ್ಲಿ ಒಂಬತ್ತು ಹೋದವು.
ಮೊಟ್ಟೆ ಹಿಡಿದು ಬೀಳೋದು ನೀನು ಹೇಳಿಕೊಡಲಿಲ್ಲ."

ನಾನಾಗ ಕೊನೆಯ ನಿಲ್ದಾಣದಲ್ಲಿದ್ದೆ.
ಫೋನಿಟ್ಟು ನೋಡಿದರೆ
ನನಗೆ ತಿಳಿಯದೆ ಎರಡೂ ಮುಷ್ಟಿ
ಗಲ್ಲದವರೆಗೆ ಏರಿದ್ದವು.
ಗಾಜಿನಾಚೆ ಕಾಯುತ್ತಿದ್ದ ಮಗುವೊಂದು
ಚೀಲ ಕೆಳಗಿಟ್ಟು,
ತಾನೂ ಎರಡು ಕೈ ಎತ್ತಿ ನಿಂತಿತು.
ಬಾಗಿಲು ತೆರೆದೆ.